ಕಾರಣ: ಒಂದು ಚುಕ್ಕೆ

ಕೋಡ್‌ನಲ್ಲಿ ಯಾರು, ಯಾವಾಗ, ಏನು ಬದಲಿಸಿದರು ಎಂದು ಲೆಕ್ಕ ಇಡುವ ಸಾಫ್ಟ್‌ವೇರ್ ಗಿಟ್. ಅದಕ್ಕೆ ಖಾಲಿ ಸಂದೇಶ ಆಗುವುದಿಲ್ಲ. ಕಮಿಟ್ ಮಾಡುವಾಗ, ಅಂದರೆ ಬದಲಾವಣೆಯನ್ನು ದಾಖಲಿಸುವಾಗ, ಏನಾದರೂ ಬರೆಯಲೇಬೇಕು, ಇಲ್ಲದಿದ್ದರೆ ಅದು ಮುಂದೆ ಹೋಗಲು ಬಿಡುವುದಿಲ್ಲ. ಅದಕ್ಕೆ ನಮ್ಮವರು ಒಂದು ಚುಕ್ಕೆ ಇಡುತ್ತಾರೆ. ಬರೇ ಚುಕ್ಕೆ. ಸ್ವಲ್ಪ ಧಾರಾಳಿಗಳಾದರೆ 'ಫಿಕ್ಸ್'. ಮರುದಿನ 'ಫೈನಲ್ ಫಿಕ್ಸ್', ಆಚೆ ದಿನ 'ಫೈನಲ್ ಫಿಕ್ಸ್ 2'. ಇದೇ ಜನ ಮದುವೆ ಊಟದ ಹೋಳಿಗೆ ಯಾಕೆ ಒಣಗಿತ್ತು ಅಂತ ವಾಟ್ಸಾಪ್‌ನಲ್ಲಿ ಒಂದೂವರೆ ಪುಟ ಬರೆಯುತ್ತಾರೆ.

2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಗಿಟ್ ಮಾಡಿದಾಗ ಮೊದಲ ಕಮಿಟ್‌ನಲ್ಲೇ ಅದು ನರಕದಿಂದ ಬಂದ ಮಾಹಿತಿ ನಿರ್ವಾಹಕ ಎಂದು ಬರೆದಿದ್ದ. ತಮಾಷೆಗಾದರೂ ಏನೆಂದು ಹೇಳಿದ್ದ ಅಲ್ವಾ?

ಮೊನ್ನೆ ಬದಿಯಡ್ಕದ ಮನೆಯಲ್ಲಿ ಕೂತು ಸಾಲದ ಬಡ್ಡಿ ಲೆಕ್ಕದ ಕೋಡ್ ನೋಡುತ್ತಿದ್ದೆ. ಹೊರಗೆ ಜಡಿಮಳೆ, ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಒಂದು ಸಾಲಿನಲ್ಲಿ ಸುಮ್ನೆ 'ಪ್ಲಸ್ 2' ಕೂತಿದೆ. ಯಾವ ಸಾಲು ಯಾರದ್ದೆಂದು ತೋರಿಸುವ ಗಿಟ್‌ನ 'ಬ್ಲೇಮ್' ಹಾಕಿದರೆ ಸಂದೇಶ: 'ಓಕೆ'. ಬರೆದವನು ಕೆಲಸ ಬಿಟ್ಟು ಎರಡು ವರ್ಷ. ಫೋನ್ ಮಾಡಿದೆ.

"ಏನೋ ಕಾರಣ ಉಂಟು ಮಾರಾಯ. ತೆಗೀಬೇಡ."

ತೆಗೆದೆ. ಮರುದಿನವೇ ಗೊತ್ತಾಯಿತು: ಕಂತಿನ ಕೊನೇ ದಿನ ಎರಡನೇ ಶನಿವಾರ ಬಿದ್ದರೆ ಸೋಮವಾರದವರೆಗೆ ಬಿಡಬೇಕಿತ್ತು. ಇದನ್ನು ತಿಳಿಸಿದವರು ದಂಡ ಬಿದ್ದ ಸಾಲಗಾರರು, ಅದೂ ಜೋರು ದನಿಯಲ್ಲಿ.

ಅಪ್ಪನ ಹತ್ತಿರ ಅಡಿಕೆಗೆ ಮದ್ದು ಬಿಟ್ಟ ಲೆಕ್ಕದ ಪುಸ್ತಕ ಒಂದುಂಟು. "ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ಮೇಲಿನ ತೋಟ ಬಾಕಿ. ಕಾರಣ: ಮರ ಹತ್ತುವವ ಭಾವನ ಮನೆಗೆ ಹೋಗಿದ್ದಾನೆ." ಅಪ್ಪನಿಗೆ ಕಂಪ್ಯೂಟರ್ ಆನ್ ಮಾಡಲೂ ಬರುವುದಿಲ್ಲ.

ಆ 2 ಅನ್ನು ವಾಪಸ್ ಇಟ್ಟು, ಯಾಕೆ ಬೇಕೆಂದು ಆರು ಸಾಲು ಬರೆದು ಪುಲ್ ರಿಕ್ವೆಸ್ಟ್ ಕಳಿಸಿದೆ: ಇದನ್ನು ಮುಖ್ಯ ಕೋಡಿಗೆ ಮರ್ಜ್ ಮಾಡಿ, ಅಂದರೆ ಸೇರಿಸಿಕೊಳ್ಳಿ ಎಂಬ ಕೋರಿಕೆ. ಹನ್ನೊಂದು ದಿನ ಯಾರೂ ಮುಟ್ಟಲಿಲ್ಲ. ನಮಗೇನು, ಕಾಸರಗೋಡಿನವರಿಗೆ ಅಭ್ಯಾಸ ಉಂಟು. ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಲಿ ಎಂದು ಗಡಿ ವಿವಾದದ ಮಹಾಜನ ಆಯೋಗ 1967ರಲ್ಲಿ ಕಳಿಸಿದ್ದೇ ಇನ್ನೂ ಮರ್ಜ್ ಆಗಿಲ್ಲ!

ಹನ್ನೆರಡನೇ ದಿನ ಟೀಮ್ ಲೀಡ್ ನನ್ನದನ್ನು ಇನ್ನು ನಾಲ್ಕರ ಜೊತೆ ಸೇರಿಸಿ, ಸ್ಕ್ವಾಶ್ ಮಾಡಿ, ಅಂದರೆ ಐದನ್ನೂ ಒಂದೇ ಕಮಿಟ್ ಆಗಿ ಹಿಸುಕಿ, ಮರ್ಜ್ ಮಾಡಿದರು. ಆರು ಸಾಲೂ ಹೋದವು. ಸಂದೇಶ: 'ಮೈನರ್ ಚೇಂಜಸ್'.