ಬೋರ್ಡು ಹೊಸದು, ಕಂಬ ಹಳೇದೇ

ಊರಿನ ಹಳೇ ಹೋಟೆಲ್ ಕೈಬದಲಾಗಿ ಹೊಸ ಹೆಸರು ಹೊತ್ತರೆ ಎಲ್ಲರಿಗೂ ಕಾಣೋದು ಹೊಳೆಯುವ ಲಾಬಿ. ಸಭೆ ಏರ್ಪಡಿಸುವವರ ಕಣ್ಣಿಗೆ ಬೀಳೋದು ಹಾಲ್ ನಡುವಿನ ಅದೇ ಕಂಬ, ಅದೇ ತಗ್ಗು ಛಾವಣಿ.

'ಸಾಮರ್ಥ್ಯ 300' ಅಂತ ಅಚ್ಚು ಹಾಕಿರುತ್ತಾರೆ. ಯಾವ ಲೆಕ್ಕ ಸ್ವಾಮಿ ಇದು? ಬರೀ ಕುರ್ಚಿ ಒತ್ತಾಗಿ ಜೋಡಿಸಿದ್ದು, ವೇದಿಕೆಯಿಲ್ಲ, ಪರದೆಯಿಲ್ಲ. ಬರೆದುಕೊಳ್ಳಲು ಮೇಜು ಹಾಕಿದರೆ ಅರ್ಧದಷ್ಟು ಜನ ಕೂತರೆ ಹೆಚ್ಚು. ಮುಂದಿನವರ ತಲೆ ಅಡ್ಡ ಬರದಿರಲು ಪರದೆಯ ಕೆಳಅಂಚು ನೆಲದಿಂದ 4 ಅಡಿಯಾದರೂ ಮೇಲಿರಬೇಕು. 6 ಅಡಿ ಎತ್ತರದ ಪರದೆಗೆ ಅಲ್ಲಿಗೇ 10 ಅಡಿ ಆಯಿತು. ನವೀಕರಣದ ಹೆಸರಲ್ಲಿ ಇವರು ಗೊಂಚಲು ದೀಪ ಇಳಿಬಿಟ್ಟು ಪ್ರೊಜೆಕ್ಟರ್ ಬೆಳಕಿಗೇ ಅಡ್ಡ ಹಾಕುತ್ತಾರೆ!

ಇದಕ್ಕಿಂತ ದೊಡ್ಡ ತಲೆನೋವು ಕರಾರು. ಸಭೆಗೆ ಬರುವವರು ಉಳಿಯಲು 100 ರೂಮು ಕಾದಿರಿಸಿ, ಕನಿಷ್ಠ 80 ತುಂಬಬೇಕು ಅಂತಿದ್ದು, 70 ತುಂಬಿದರೆ 10 ರೂಮಿನ ಬಾಡಿಗೆ ದಂಡ. ಎದುರಿಗೇ ಹೊಸ ಹೋಟೆಲ್ ಎದ್ದು, ಕಡಿಮೆ ದರ ನೋಡಿ ಜನ ಅಲ್ಲೇ ಉಳಿದು, ಸಭೆಗೆ ಮಾತ್ರ ಇಲ್ಲಿಗೆ ಬಂದರೂ ದಂಡ ತಪ್ಪದು. ಅದೇ ದಂಡ ಕೇಳೋ ಈ ಹೋಟೆಲಿನವರು ಸಭೆಯ ದಿನವೇ ಮೇಲಿನ ಮಹಡಿಯಲ್ಲಿ ಗೋಡೆ ಕೊರೆಯುತ್ತಿದ್ದರೆ? 'ದಯವಿಟ್ಟು ಸಹಕರಿಸಿ' ಅನ್ನೋ ಫಲಕ, ಅಷ್ಟೇ. ಮಾಲೀಕರು ಬದಲಾದರೆ, ಕಾಮಗಾರಿ ಶುರುವಾದರೆ ದಂಡವಿಲ್ಲದೆ ರದ್ದು ಮಾಡಬಹುದು ಅನ್ನೋ ಸಾಲನ್ನು ಸಹಿಗೆ ಮೊದಲೇ ಬರೆಸಿಕೊಳ್ಳದಿದ್ದರೆ ಕಥೆ ಮುಗೀತು. ಬಾಯಿಮಾತು ಕೊಟ್ಟ ಮ್ಯಾನೇಜರು ಅಷ್ಟರಲ್ಲಿ ಎದುರಿನ ಹೋಟೆಲಿಗೇ ಸೇರಿರುತ್ತಾರೆ.