ಟವರ್ ಬೇಡ, ಫುಲ್ ಸಿಗ್ನಲ್ ಬೇಕು

ನಮ್ಮ ಬಡಾವಣೆಗಳಲ್ಲಿ ಎರಡು ಬಗೆಯ ಮನವಿ ಪತ್ರಗಳು ಓಡಾಡುತ್ತಿರುತ್ತವೆ. ರೇಡಿಯೇಷನ್‌ನಿಂದ ಕ್ಯಾನ್ಸರ್ ಬರುತ್ತೆ, ಮೊಬೈಲ್ ಟವರ್ ಕಿತ್ತುಹಾಕಿ ಅಂತ ಒಂದು. ಮನೆಯೊಳಗೆ ನೆಟ್‌ವರ್ಕೇ ಸಿಗ್ತಿಲ್ಲ ಅಂತ ಇನ್ನೊಂದು. ಎರಡರಲ್ಲೂ ಸಹಿ ಅದೇ ಜನರದ್ದು.

ಟವರ್ ದೂರ ಹೋದಷ್ಟೂ ಫೋನು ಜಾಸ್ತಿ ಶಕ್ತಿ ಹಾಕಿ ಕೂಗಬೇಕು. ಆ ಫೋನು ಇರುವುದು ನಮ್ಮ ಕಿವಿಯ ಪಕ್ಕದಲ್ಲಿ. ಇದನ್ನು ಸಂಘದ ಮೀಟಿಂಗ್‌ನಲ್ಲಿ ಹೇಳಿ ನೋಡಿ. 'ನೀವು ಕಂಪನಿ ಕಡೆಯವರಾ ಸಾರ್?' ಅಂತಾರೆ.

ರೇಡಿಯೋ, ಮೈಕ್ರೋವೇವ್, ಇನ್‌ಫ್ರಾರೆಡ್, ಕಣ್ಣಿಗೆ ಕಾಣುವ ಬೆಳಕು, ಅಲ್ಟ್ರಾವಯಲೆಟ್, ಎಕ್ಸ್‌ರೇ, ಗಾಮಾ. ಎಲ್ಲವೂ ಒಂದೇ ಮನೆತನದ ಅಲೆಗಳು. ಕಂಪನ, ಅಂದರೆ ಸೆಕೆಂಡಿಗೆ ಅಲೆ ಎಷ್ಟು ಸಲ ಕುಣಿಯುತ್ತದೆ ಅನ್ನುವುದು, ಏರಿದಂತೆ ಒಂದೊಂದು ಫೋಟಾನ್‌ನ (ಅಲೆ ಹೊತ್ತು ತರುವ ಶಕ್ತಿಯ ಒಂದೊಂದು ಪುಟ್ಟ ಪೊಟ್ಟಣದ) ಶಕ್ತಿಯೂ ಏರುತ್ತದೆ. ಜೀವಕೋಶದ ಡಿಎನ್‌ಎ ಕೆಡಿಸಿ ಕ್ಯಾನ್ಸರ್‌ಗೆ ದಾರಿ ಮಾಡುವ ತಾಕತ್ತು ಶುರುವಾಗುವುದು ಅಲ್ಟ್ರಾವಯಲೆಟ್ ಹತ್ತಿರ. ನಮ್ಮ 5ಜಿ ಹೆಚ್ಚಾಗಿ ಓಡುವುದು 3.5 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ 350 ಕೋಟಿ ಕಂಪನದ ಆಸುಪಾಸಿನಲ್ಲಿ. ಕಣ್ಣಿಗೆ ಕಾಣುವ ಬೆಳಕಿನ ಕಂಪನ ಅದಕ್ಕಿಂತ ಲಕ್ಷ ಪಟ್ಟು ಜಾಸ್ತಿ. ಆ ಲೆಕ್ಕದಲ್ಲಿ ಮೊದಲು ಟ್ಯೂಬ್‌ಲೈಟ್ ಮೇಲೆ ಕೇಸ್ ಹಾಕಬೇಕಿತ್ತು, ಅಲ್ವಾ?

ಹಾಗಂತ ರೇಡಿಯೋ ಅಲೆ ಏನೂ ಮಾಡುವುದಿಲ್ಲ ಅಂತಲ್ಲ. ತೀರಾ ಜಾಸ್ತಿಯಾದರೆ ಮೈ ಬಿಸಿ ಮಾಡುತ್ತದೆ. ಅದಕ್ಕೇ ಮಿತಿ ಹಾಕಿದ್ದಾರೆ. ಭಾರತದಲ್ಲಿ 2012ರಿಂದ ಟವರ್‌ಗಳಿಗಿರುವ ಮಿತಿ, ಅಂತಾರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗ. ಆದರೆ ಈ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಫಾರ್ವರ್ಡ್ ಆಗುವುದಿಲ್ಲ. ಹೆದರಿಸದ ಸುದ್ದಿ ಯಾರಿಗೆ ಬೇಕು?

2021ರಲ್ಲಿ ಹಿಂದಿ ನಟಿ ಜೂಹಿ ಚಾವ್ಲಾ 5ಜಿ ವಿರುದ್ಧ ದೆಹಲಿ ಹೈಕೋರ್ಟ್‌ಗೆ ಹೋದರು. ಆಗ ದೇಶದಲ್ಲಿ 5ಜಿ ಸೇವೆಯೇ ಶುರುವಾಗಿರಲಿಲ್ಲ. ವಿಚಾರಣೆ ಆನ್‌ಲೈನ್‌ನಲ್ಲಿ ನಡೆಯಿತು. ಮಧ್ಯದಲ್ಲಿ ಯಾರೋ ಪುಣ್ಯಾತ್ಮರು ಲಾಗಿನ್ ಆಗಿ ಜೂಹಿಯದೇ ಸಿನಿಮಾ ಹಾಡು ಹಾಡಿಬಿಟ್ಟರು. ಕೋರ್ಟು ಕೇಸ್ ಹಾಕಿದವರಿಗೇ 20 ಲಕ್ಷ ದಂಡ ಹಾಕಿತು. ಆಮೇಲೆ ಅದು 2 ಲಕ್ಷಕ್ಕೆ ಇಳಿಯಿತು.

ಅದಕ್ಕೂ ಮೊದಲು, 2020ರಲ್ಲಿ, ಗೋರಕ್ಷಣೆಗೆಂದು ಕೇಂದ್ರ ಸರ್ಕಾರ ಮಾಡಿದ್ದ ರಾಷ್ಟ್ರೀಯ ಕಾಮಧೇನು ಆಯೋಗದ ಅಧ್ಯಕ್ಷರು ಸಗಣಿಯ ಚಿಪ್ ಒಂದನ್ನು ಬಿಡುಗಡೆ ಮಾಡಿದ್ದರು. ಫೋನಿಗೆ ಅಂಟಿಸಿದರೆ ರೇಡಿಯೇಷನ್ ಕಮ್ಮಿಯಂತೆ. ಆಧಾರ ಎಲ್ಲಿ ಅಂತ ನೂರಾರು ವಿಜ್ಞಾನಿಗಳು ಕೇಳಿದರು. ಅಂಗಡಿಯಲ್ಲಿ ಸಿಗುವ ಹೊಳೆಯುವ ಸ್ಟಿಕ್ಕರ್‌ಗಳದ್ದೂ ಇದೇ ಕಥೆ. ಸ್ಟಿಕ್ಕರ್ ನಿಜವಾಗಿ ಅಲೆ ತಡೆದರೆ ಕಾಲ್ ಬರಬಾರದು. ಕಾಲ್ ಸಲೀಸಾಗಿ ಬಂದರೆ ಅದು ತಡೆದಿದ್ದಾದರೂ ಏನನ್ನು? ಏನನ್ನೂ ಇಲ್ಲ, ಇಳಿಸಿದ್ದು ನಮ್ಮ ಜೇಬಿನ ಭಾರವನ್ನು.

ಇಷ್ಟೆಲ್ಲ ಜಾಗ್ರತೆಯ ಜನ ನಿಜವಾದ ತಾಕತ್ತಿನ ಅಲೆಯ ಎದುರು ಮಾತ್ರ ತಲೆಬಾಗಿ ನಿಲ್ಲುತ್ತಾರೆ. ಸಿಟಿ ಸ್ಕ್ಯಾನ್‌ನಲ್ಲಿರುವುದು ಎಕ್ಸ್‌ರೇ. ಹೊಟ್ಟೆಯ ಒಂದು ಸ್ಕ್ಯಾನ್ ಅಂದರೆ ನಿಸರ್ಗದಿಂದ ಕೆಲವು ವರ್ಷಗಳಲ್ಲಿ ಮೈಗೆ ಸೇರುವಷ್ಟು ರೇಡಿಯೇಷನ್. ಕಾಯಿಲೆ ಪತ್ತೆಗೆ ಬೇಕಾದಾಗ ಅದನ್ನು ಮಾಡಿಸಲೇಬೇಕು, ಸರಿ. ಆದರೆ ಟವರ್ ವಿರೋಧಿ ಸಮಿತಿಯ ಯಜಮಾನರು ಗ್ಯಾಸ್‌ಗೆ ಮಾತ್ರೆ ತಗೊಳ್ಳಲು ಹೋದವರು, 'ಹೇಗೂ ಬಂದಿದ್ದೀನಿ, ಸಿಟಿ ಸ್ಕ್ಯಾನೂ ಬರೆದುಬಿಡಿ ಡಾಕ್ಟ್ರೇ' ಅಂತಾರೆ. ಬೇಡ ಅಂದ ಡಾಕ್ಟರಿಗೆ ಏನೂ ಗೊತ್ತಿಲ್ಲ ಅಂತ ಸಂಜೆಯೊಳಗೆ ಇಡೀ ಬಡಾವಣೆಗೆ ಸುದ್ದಿ. ಫುಲ್ ಸಿಗ್ನಲ್‌ನಲ್ಲಿ.