ಐದನೇ ತಾರೀಕಿನೊಳಗೆ

ಖಾಸಗಿ ನೌಕರಿಯವರಿಗೆ ಪಿಂಚಣಿ ಇಲ್ಲವೇ ಇಲ್ಲ ಅಂತಲ್ಲ. ಪಿಎಫ್ ಜೊತೆಗೆ ಒಂದು ಪಿಂಚಣಿ ಇದೆ. ಅದಕ್ಕೆ ಲೆಕ್ಕ ಹಿಡಿಯುವ ಸಂಬಳದ ಮಿತಿ 15,000 ರೂಪಾಯಿ. ಆ ಮಿತಿಯಲ್ಲಿ 35 ವರ್ಷ ದುಡಿದವನಿಗೆ ಸಿಗುವುದು ತಿಂಗಳಿಗೆ ಸುಮಾರು 7,500. ಬೆಂಗಳೂರಿನಲ್ಲಿ ಅಷ್ಟರಲ್ಲೇ ಬದುಕಬೇಕೆಂದರೆ ಒಂದೋ ಊಟ ಬಿಡಬೇಕು, ಇಲ್ಲಾ ಮನೆ ಬಿಡಬೇಕು. ಅದಕ್ಕೇ 44ನೇ ವಯಸ್ಸಿಗೆ ಪಿಪಿಎಫ್ ಖಾತೆ ತೆರೆದೆ, ಅಂದರೆ ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆ. 15 ವರ್ಷದ ಗಂಟು, ನಿವೃತ್ತಿಯ ಹೊತ್ತಿಗೆ ಬಿಚ್ಚುತ್ತದೆ.

ಈ ವರ್ಷ ಇನ್ನೊಂದೆರಡು ಸಾವಿರ ಜಾಸ್ತಿ ಹಾಕೋಣ, ತಿಂಗಳಿಗೆ 5,000 ಮಾಡೋಣ ಅಂದುಕೊಂಡೆ. ಆದರೆ ಪಿಪಿಎಫ್‌ಗೆ ಒಂದು ಮಡಿ ಇದೆ. ಐದನೇ ತಾರೀಕಿನೊಳಗೆ ಕಟ್ಟಿದ ದುಡ್ಡಿಗೆ ಮಾತ್ರ ಆ ತಿಂಗಳ ಬಡ್ಡಿ. ಆರಕ್ಕೆ ಕಟ್ಟಿದರೆ ತಿಂಗಳಿಡೀ ಅದು ಸುಮ್ನೆ ಕೂತಿರುತ್ತದೆ. ಒಂದರಿಂದ ಐದರವರೆಗೆ ನಮ್ಮನೆ ಬಾಗಿಲಿಗೆ ಯಾರ್ಯಾರು ಬರುತ್ತಾರೆ ಗೊತ್ತಲ್ಲ? ಹಾಲಿನವರು, ಪೇಪರಿನವರು, ಓನರ್, ಮಗಳ ಭರತನಾಟ್ಯದ ಟೀಚರ್. ಅವರೆಲ್ಲ ಹೋದ ಮೇಲೆ ನನ್ನ ಮುಪ್ಪಿನ ಸರದಿ.

ಸಾಲದ್ದಕ್ಕೆ, ಬ್ಯಾಂಕಿನ ಓಟಿಪಿ ಹೋಗುವುದು ಹೆಂಡತಿಯ ಮೊಬೈಲಿಗೆ. ಹೋದ ತಿಂಗಳು ಐದರ ರಾತ್ರಿ ಹನ್ನೊಂದಾಗಿತ್ತು.

"ಒಂದು ನಂಬರ್ ಬಂದಿದೆ ನೋಡು, ಬೇಗ ಹೇಳೇ."

"ಐದು ಸಾವಿರ ಅಂತಿದೆ. ಯಾರಿಗ್ರೀ?"

"ನನಗೇ. ಅರವತ್ತಾದ ಮೇಲೆ."

"ಮಿಕ್ಸಿ ಜಾರ್ ಒಡೆದು ವಾರ ಆಯ್ತು. ಅದೂ ನಿಮ್ಮ ಅರವತ್ತರವರೆಗೆ ಕಾಯ್ಬೇಕಾ?"

ನಾನು ಉತ್ತರ ಹುಡುಕುವಷ್ಟರಲ್ಲಿ ಓಟಿಪಿಯ ಆಯಸ್ಸು ಮುಗಿದಿತ್ತು. ಎರಡನೆಯದು ಬರುವುದಕ್ಕೂ ನಾದಿನಿಯ ಫೋನ್ ಬರುವುದಕ್ಕೂ ಸರಿಹೋಯಿತು. ಅಕ್ಕತಂಗಿಯರ ಮಾತು ಮುಗಿದಾಗ ಆರನೇ ತಾರೀಕು.

ಬಡ್ಡಿ ದರ ವರ್ಷಕ್ಕೆ ಶೇಕಡಾ 7.1. ಐದು ಸಾವಿರಕ್ಕೆ ತಿಂಗಳಿಗೆ 30 ರೂಪಾಯಿಯೂ ಆಗುವುದಿಲ್ಲ. ದರ್ಶಿನಿಯಲ್ಲಿ ಗೆಳೆಯನ ಜೊತೆ ಕಾಫಿ ಕುಡಿದು ಅಷ್ಟನ್ನು ನಗುನಗುತ್ತಾ ಕೊಟ್ಟು ಬರುವವನು ನಾನು. ಆದರೂ ಅವತ್ತು ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಅವಳನ್ನು ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದೆ. ಬಡ್ಡಿಗೆ ತೆರಿಗೆ ಇಲ್ಲ, ಒಬ್ಬರ ಖಾತೆಗೆ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಹಾಕಬಹುದು ಅಂದೆ. "ಒಬ್ಬರ ಖಾತೆಗೆ" ಅಂದಿದ್ದೇ ತಡ, ಅವಳ ಕಿವಿ ನೆಟ್ಟಗಾಯಿತು.

ಈಗ ಅವಳ ಹೆಸರಲ್ಲೂ ಒಂದು ಪಿಪಿಎಫ್ ಇದೆ. ಅದಕ್ಕೆ ಸಂಬಳ ಬಿದ್ದ ದಿನವೇ ದುಡ್ಡು ಹೋಗುತ್ತದೆ. ಓಟಿಪಿಯನ್ನು ಅಡುಗೆಮನೆಯಿಂದ ಅವಳೇ ಕೂಗಿ ಹೇಳುತ್ತಾಳೆ, ಅದೂ ಎರಡೆರಡು ಸಲ. ನನ್ನ ಖಾತೆಯ ವಿಚಾರ ಮಿಕ್ಸಿ ಜಾರ್ ಬಂದ ಮೇಲೆ ನೋಡೋಣ ಅಂದಿದ್ದಾಳೆ.